ಚೆಂದದ ಗಣಿತದ ಪ್ರೂಫ್‌ಗೂ ಪ್ರೋಗ್ರಾಮ್ ಬರೆಯೋದಕ್ಕೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧವಿದೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಗ್ರೀಸ್ 1981ರಲ್ಲಿ ಪ್ರಕಟಿಸಿದ ಕಾಫಿ ಡಬ್ಬಿಯ ಲೆಕ್ಕ ನೋಡಿ. ಡಬ್ಬಿಯಲ್ಲಿ ಒಂದಷ್ಟು ಕಪ್ಪು, ಒಂದಷ್ಟು ಬಿಳಿ ಬೀಜಗಳಿವೆ. ನೋಡದೆ ಎರಡು ತೆಗೆಯಿರಿ. ಒಂದೇ ಬಣ್ಣವಾದರೆ ಎರಡನ್ನೂ ಎಸೆದು, ಹೊರಗಿನಿಂದ ಒಂದು ಕಪ್ಪು ಬೀಜ ಹಾಕಿ. ಬೇರೆ ಬೇರೆ ಬಣ್ಣವಾದರೆ ಬಿಳಿಯದನ್ನು ವಾಪಸ್ ಹಾಕಿ, ಕಪ್ಪನ್ನು ಎಸೆಯಿರಿ. ಪ್ರತಿ ಸಲ ಒಂದು ಬೀಜ ಕಡಿಮೆಯಾಗುತ್ತದೆ. ಕೊನೆಗೆ ಉಳಿಯುವ ಒಂದರ ಬಣ್ಣ ಯಾವುದು?

ಸುಮ್ನೆ ಆಡಿ ನೋಡುತ್ತಾ ಹೋದರೆ ಉತ್ತರ ಸಿಗುವುದಿಲ್ಲ. ಬಿಳಿ ಬೀಜಗಳನ್ನು ಮಾತ್ರ ಗಮನಿಸಿ. ಅವು ಕಡಿಮೆಯಾದರೆ ಎರಡೆರಡಾಗಿಯೇ ಕಡಿಮೆಯಾಗುತ್ತವೆ. ಮೊದಲು ಬೆಸ ಇದ್ದರೆ ಕೊನೆವರೆಗೂ ಬೆಸ, ಸಮ ಇದ್ದರೆ ಸಮ. ಹಾಗಾಗಿ ಬೆಸವಾದರೆ ಉಳಿಯೋದು ಬಿಳಿ, ಸಮವಾದರೆ ಕಪ್ಪು. ಎಷ್ಟು ಚೆಂದ ಅಲ್ವಾ!

ಪ್ರೋಗ್ರಾಮಿನಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಕೂಡ ಹೀಗೆಯೇ. ಪ್ರತಿ ಸುತ್ತಿನಲ್ಲೂ ಬದಲಾಗದೆ ಉಳಿಯುವ ಸಂಗತಿಗೆ ಇನ್ವೇರಿಯಂಟ್ ಅನ್ನುತ್ತಾರೆ. ಸರಿಯಾದ ಇನ್ವೇರಿಯಂಟ್ ಸಿಕ್ಕಿ, ಲೂಪ್ ನಿಲ್ಲುತ್ತದೆ ಅನ್ನೋದೂ ಖಾತ್ರಿಯಾದರೆ, ಎಲ್ಲ ಇನ್‌ಪುಟ್‌ಗಳಿಗೂ ಒಟ್ಟಿಗೆ ಉತ್ತರ ಕೊಟ್ಟಂತೆ. ಟೆಸ್ಟಿಂಗ್ ತಪ್ಪು ಇದೆ ಎಂದು ತೋರಿಸಬಲ್ಲದು, ಇಲ್ಲ ಎಂದು ತೋರಿಸಲಾರದು ಅಂತ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳುತ್ತಿದ್ದದ್ದು ಇದಕ್ಕೇ. ನನ್ನ ಪ್ರಕಾರ ಲೂಪ್ ಬರೆದ ಮೇಲೆ ಇನ್ವೇರಿಯಂಟ್ ಹುಡುಕಬಾರದು. ಮೊದಲು ಅದನ್ನು ಬರೆದುಕೊಂಡು ಲೂಪ್ ಕಟ್ಟೋದೇ ಸುಲಭ.