ಸಣ್ಣ ತೂತು ಅಂದರೆ ಎಷ್ಟು ಸಣ್ಣದು?

ನಮಸ್ಕಾರ.

ಬೆಂಕಿಪೊಟ್ಟಣದಲ್ಲಿ ಪಿನ್‌ಹೋಲ್ ಕ್ಯಾಮೆರಾ, ಅಂದರೆ ಲೆನ್ಸ್ ಬದಲು ಸಣ್ಣ ತೂತಿರುವ ಕ್ಯಾಮೆರಾ, ಮಾಡುವ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಫಿಲ್ಮ್ ರೀಲಿನ ಅಂಚಿನ ತೂತುಗಳಿಗೆ ಪ್ಲಾಸ್ಟಿಕ್ ಚೂರು ತಾಗಿಸಿ, ರೀಲು ಸುತ್ತುವಾಗ ಕೇಳುವ ಆರು ಟಿಕ್‌ಗೆ ಒಂದು ಚಿತ್ರ ಅಂತ ಎಣಿಸುವ ಭಾಗ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ.

ಭಾನುವಾರ ಲೇಖನ ಪಕ್ಕದಲ್ಲಿಟ್ಟುಕೊಂಡು ಕ್ಯಾಮೆರಾ ಮಾಡಲು ಕೂತೆ. ಏನನ್ನಾದರೂ ಓದಿ ಹೀಗೆ ಕತ್ತರಿ ಹಿಡಿದು ಎಷ್ಟು ವರ್ಷವಾಗಿತ್ತೋ! ಮೂರನೇ ಪ್ಯಾರಾದಲ್ಲಿ ಸಿಕ್ಕಿಬಿದ್ದೆ. ನೀವು ಬರೆದಿರುವುದು ಇಷ್ಟೇ: ‘ತಗಡಿನಲ್ಲಿ ಸೂಜಿಯಿಂದ ಒಂದು ಸಣ್ಣ ತೂತು ಮಾಡಿ ಅಂಟಿಸಿ.’

ಯಾವ ತಗಡು? ಎಣ್ಣೆ ಡಬ್ಬದ್ದು ದಪ್ಪ, ಸೂಜಿಯೇ ಬಾಗುತ್ತದೆ. ಕೂಲ್‌ಡ್ರಿಂಕ್ಸ್ ಕ್ಯಾನಿನದು ಅಂತ ಬರೆಯಿರಿ. ‘ಸೂಜಿಯಿಂದ’ ಅಂದರೆ ಓದುವವರು ಸೂಜಿಯನ್ನು ಪೂರ್ತಿ ತೂರಿಸುತ್ತಾರೆ. ನಾನೂ ತೂರಿಸಿದೆ. ಹೊಲಿಗೆ ಸೂಜಿ ಅರ್ಧ ಮಿಲಿಮೀಟರಿಗಿಂತ ದಪ್ಪ. ಬೆಂಕಿಪೊಟ್ಟಣದಲ್ಲಿ ತೂತಿಗೂ ಫಿಲ್ಮಿಗೂ ನಡುವೆ ಇರುವುದು ಒಂದು ಸೆಂಟಿಮೀಟರಿಗಿಂತ ಚೂರು ಜಾಸ್ತಿ. ಅಷ್ಟು ಹತ್ತಿರಕ್ಕೆ ತೂತು 0.2 ಮಿ.ಮೀ. ಆಸುಪಾಸಿನಲ್ಲಿರಬೇಕು. ದೊಡ್ಡದಾದರೆ ಚಿತ್ರ ಕಲಸಿಹೋಗುತ್ತದೆ. ತೀರಾ ಸಣ್ಣದಾದರೂ ಬೆಳಕು ಅಂಚಿನಲ್ಲಿ ಬಾಗಿ ಹರಡಿ ಮಸುಕಾಗುತ್ತದೆ. ನನ್ನ ಚಿತ್ರದಲ್ಲಿ ಎದುರಿನ ತೆಂಗಿನಮರ ಹೊಗೆಯ ಹಾಗೆ ಬಂತು.

ಇನ್ನು ‘ಮಾಡಿ’. ಹೇಗೆ? ತಗಡನ್ನು ರಟ್ಟಿನ ಮೇಲಿಟ್ಟು ಸೂಜಿಯ ಮೊನೆಯಿಂದ ಒತ್ತಬೇಕು, ತೂತಾಗಬಾರದು. ಹಿಂದುಗಡೆ ಸಣ್ಣ ಉಬ್ಬು ಏಳುತ್ತದೆ. ಅದನ್ನು ನುಣ್ಣನೆಯ ಎಮರಿ ಪೇಪರಿನಲ್ಲಿ ಉಜ್ಜಬೇಕು. ಉಜ್ಜಿ ಉಜ್ಜಿ ಬೆಳಕಿಗೆ ಹಿಡಿದರೆ, ಒಂದು ಹೊತ್ತಿನಲ್ಲಿ ನಕ್ಷತ್ರದಂಥ ಚುಕ್ಕಿ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ, ಮೊನೆಯನ್ನು ಮೆಲ್ಲಗೆ ತಿರುಗಿಸಿ ದುಂಡಗೆ ಮಾಡಬೇಕು. ಈ ಕ್ಯಾಮೆರಾಕ್ಕೆ ಲೆನ್ಸ್ ಇಲ್ಲ, ಇರುವುದೇ ಈ ತೂತು, ಅಲ್ವಾ? ಅದಕ್ಕೆ ಒಂದು ಸಾಲು ಕೊಟ್ಟಿದ್ದೀರಿ. ಸಾವಿರ ವರ್ಷದ ಹಿಂದಿನ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್‌ನಿಂದ ಶುರುವಾಗುವ ಚರಿತ್ರೆಗೆ ಎರಡು ಪುಟ. ನನಗೆ ಸಿಟ್ಟು ಬಂದದ್ದು ಇಲ್ಲೇ.

ಆಮೇಲೆ ಈ ಸಾಲು: ‘ಮುಚ್ಚಳ ಸರಿಸಿ ಸ್ವಲ್ಪ ಹೊತ್ತು ಬಿಡಿ.’ ಸ್ವಲ್ಪ ಅಂದರೆ? 200 ಐಎಸ್‌ಒ (ಬೆಳಕನ್ನು ಫಿಲ್ಮು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಅಳತೆ) ಕಲರ್ ಫಿಲ್ಮಾದರೆ ಬಿಸಿಲಿನಲ್ಲಿ ಒಂದು ಸೆಕೆಂಡು, ಮೋಡವಿದ್ದರೆ ಮೂರ್ನಾಲ್ಕು, ಮನೆಯೊಳಗೆ ನಿಮಿಷಗಟ್ಟಲೆ. ಓದುವವರಿಗೆ ಬೇಕಾದದ್ದು ಇದು.

ಕಾಲೇಜು ಮುಗಿದ ಹೊಸದರಲ್ಲಿ ನಾನು ಒಂದು ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಕೆಲಸಕ್ಕಿದ್ದೆ. ಮೊದಲ ವಾರ, ಪ್ರಿಂಟನ್ನು ಡೆವಲಪರಿನಿಂದ, ಅಂದರೆ ಚಿತ್ರ ಮೂಡಿಸುವ ದ್ರಾವಣದಿಂದ, ಎತ್ತುವಾಗ ಮಾಲೀಕರು ‘ಎಷ್ಟು ಹೊತ್ತಾಯ್ತು?’ ಅಂದರು. ‘ಸ್ವಲ್ಪ ಹೊತ್ತು ಸಾರ್’ ಅಂದೆ. ಅವರು ಬೈಯಲಿಲ್ಲ. ತಮ್ಮ ವಾಚು ಬಿಚ್ಚಿ ಆ ಕೆಂಪು ಬೆಳಕಿನಲ್ಲೇ ನನ್ನ ಕೈಗೆ ಕಟ್ಟಿದರು. ಆರು ತಿಂಗಳು ಅದು ನನ್ನ ಕೈಯಲ್ಲೇ ಇತ್ತು. ಮುಂದೆ ಬರೆಯಲು ಕೂತಾಗಲೂ ‘ಸ್ವಲ್ಪ’ ಅಂತ ಬರೆದ ಕೂಡಲೇ ಕಣ್ಣು ಎಡಗೈ ಕಡೆ ಹೋಗುತ್ತಿತ್ತು.

ಚರಿತ್ರೆ ತೆಗೆದು ಮತ್ತೆ ಬರೆಯಿರಿ. ನೀವು ತೂತು ಮಾಡಿದ ತಗಡಿನ ಚೂರು ಇನ್ನೂ ಇದ್ದರೆ 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕಿಯ ಹಾಗೆ, ಸ್ಕ್ಯಾನ್ ಮಾಡಿ. 0.2 ಮಿ.ಮೀ. ತೂತು ಒಂಬತ್ತು ಪಿಕ್ಸೆಲ್ ಅಗಲ ಬರುತ್ತದೆ. ನಿಮ್ಮದು ಎಷ್ಟು ಬಂತು ಅಂತ ಲೇಖನದಲ್ಲೇ ಹೇಳಿ. ನನ್ನ ಹತ್ತಿರ ಇನ್ನೂ ಅರ್ಧ ರೀಲು ಉಳಿದಿದೆ.