ಚೀನಾದ ತಾವೊ ಧರ್ಮದ ನಂಬಿಕೆಯ 72 ‘ದಿಶಾ’ ನಕ್ಷತ್ರಗಳು ಅಂದರೆ ಯಾರು?

ಚೀನಿ ಭಾಷೆಯಲ್ಲಿ ‘ದಿ’ ಅಂದರೆ ಭೂಮಿ, ‘ಶಾ’ ಅಂದರೆ ಕೇಡು ತರುವ ಶಕ್ತಿ. ಇಂಥ ಕೇಡಿನ ನಕ್ಷತ್ರಗಳು 72. ಸಪ್ತರ್ಷಿ ಮಂಡಲದ ಜೊತೆ ಗುರುತಿಸುವ 36 ‘ತ್ಯೆನ್‌ಗಾಂಗ್’ ಆಕಾಶ ನಕ್ಷತ್ರಗಳೂ ಸೇರಿದರೆ 108.

ಜನರ ನೆನಪಿನಲ್ಲಿ ಇವು ಗಟ್ಟಿಯಾಗಿ ನಿಂತಿದ್ದು ‘ಶುಯಿಹು ಝ್ವಾನ್’ ಎಂಬ ಹಳೆಯ ಚೀನಿ ಕಾದಂಬರಿಯಿಂದ. ಲುಂಗ್‌ಹು ಬೆಟ್ಟದ ತಾವೊ ಮಠದಲ್ಲಿ ಮುದ್ರೆ ಒತ್ತಿ ಬೀಗ ಜಡಿದಿದ್ದ ಗುಡಿಯೊಂದನ್ನು, ಮಠದವರು ಬೇಡವೆಂದರೂ, ಹುಂಗ್ ಎಂಬ ಅಧಿಕಾರಿ ಹಟ ಹಿಡಿದು ತೆರೆಸುತ್ತಾನೆ. ಒಳಗೊಂದು ಕಲ್ಲಾಮೆ, ಅದರ ಬೆನ್ನ ಮೇಲೆ ಶಾಸನ. ಅಡಿಯ ಚಪ್ಪಡಿ ಎತ್ತಿದ್ದೇ ತಡ, ಕಪ್ಪು ಹೊಗೆ ಚಾವಣಿ ಸೀಳಿಕೊಂಡು ಮುಗಿಲಿಗೆ ನುಗ್ಗುತ್ತದೆ. ಅಲ್ಲಿ ಸೆರೆಯಿಟ್ಟಿದ್ದ ಈ ನಕ್ಷತ್ರ ಶಕ್ತಿಗಳೇ ಮುಂದೆ 108 ಬಂಡುಕೋರರಾಗಿ ಹುಟ್ಟಿಬರುತ್ತವೆ. ಅಂದರೆ ಇವು ನಕ್ಷತ್ರಗಳೂ ಹೌದು, ಮುಂದೆ ಮನುಷ್ಯರೂ ಹೌದು; ಆದ್ದರಿಂದ ದಿಶಾಗಳನ್ನು ಬರೀ ‘ದೆವ್ವ’ ಎಂದು ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಬಂಡುಕೋರರ ಪೈಕಿ ಇರುವ ಮೂವರು ಹೆಂಗಸರೂ ದಿಶಾಗಳೇ.