ಸಣ್ಣ ಕಲ್ಲಿದ್ದಲು ಗಣಿಯ ಮಾದರಿ ಮಾಡಲು ಎಲ್ಲಿಂದ ಶುರು ಮಾಡಬೇಕು?

ಎರಡು ಅಡಿ ಅಗಲ, ಮೂರು ಅಡಿ ಉದ್ದದ ಹಲಗೆ ಇದೆ, ಅದರ ಮೇಲೆ ಸಣ್ಣ ಕಲ್ಲಿದ್ದಲು ಗಣಿಯ ಮಾದರಿ ಮಾಡಬೇಕು ಎಂದಿದ್ದೀರಿ. ಯಾವ ಸ್ಕೇಲ್, ಮೊದಲು ಯಾವ ಕಟ್ಟಡ, ನಿಜವಾದ ಕಲ್ಲಿದ್ದಲು ಬಳಸಬಹುದಾ ಎಂದು ಕೇಳಿದ್ದೀರಿ. ನಾನು ಇಂಥವು ಎರಡು ಮಾಡಿದ್ದೇನೆ. ಮೊದಲನೆಯದು ಪೂರ್ತಿ ಎಡವಟ್ಟು. ಕಲಿತದ್ದು ಅದರಿಂದಲೇ ಜಾಸ್ತಿ.

ಮೊದಲು ಯಾವ ಕಟ್ಟಡವನ್ನೂ ಕಟ್ಟಬೇಡಿ. ಒಂದು ಕಾಗದ ತೆಗೆದುಕೊಂಡು ಒಂದೇ ಒಂದು ಕಲ್ಲಿದ್ದಲ ಉಂಡೆ ಹೋಗುವ ದಾರಿ ಬರೆಯಿರಿ. ನೆಲದಡಿ ಕಡಿದು ಟಬ್‌ಗೆ ತುಂಬುತ್ತಾರೆ, ಅಂದರೆ ಹಳಿ ಮೇಲೆ ಓಡುವ ಸಣ್ಣ ತೊಟ್ಟಿಗೆ. ಟಬ್ ಮೇಲೆ ಬರುತ್ತದೆ. ಟಿಪ್ಲರ್ ಅದನ್ನು ಮಗುಚಿ ಹಾಕುತ್ತದೆ. ಅಲ್ಲಿಂದ ಜರಡಿ. ದಪ್ಪದ್ದು, ನಡುವಿನದು, ಪುಡಿ ಬೇರೆಯಾಗುತ್ತವೆ. ಕಲ್ಲನ್ನು ಕೈಯಲ್ಲಿ ಆರಿಸಿ ಪಕ್ಕಕ್ಕೆ ಎಸೆಯುತ್ತಾರೆ. ಉಳಿದದ್ದು ಕೆಳಗೆ ನಿಂತ ವ್ಯಾಗನ್‌ಗೋ ಲಾರಿಗೋ ಬೀಳುತ್ತದೆ. ಖಾಲಿ ಟಬ್ ವಾಪಸ್ ಹೋಗಬೇಕು, ಅದಕ್ಕೂ ಒಂದು ಹಳಿ ಬೇಕು.

ಇದರಲ್ಲಿ ಒಂದು ವಿಷಯ ಗಮನಿಸಿ. ಟಿಪ್ಲರ್ ಆದ ಮೇಲೆ ಎಲ್ಲವೂ ತನ್ನ ಭಾರಕ್ಕೆ ತಾನೇ ಕೆಳಗೆ ಜಾರುತ್ತದೆ. ಹಾಗಾಗಿ ಟಬ್ ಬರುವ ಮಟ್ಟ ಲಾರಿ ನಿಲ್ಲುವ ಮಟ್ಟಕ್ಕಿಂತ ಐದಾರು ಮೀಟರ್ ಎತ್ತರದಲ್ಲಿರಬೇಕು. 1:87 ಸ್ಕೇಲ್‌ನಲ್ಲಿ (ನಿಜದ ಅಳತೆಯ 87ನೇ ಒಂದು ಪಾಲು) ಅದು ಆರೇಳು ಸೆಂಟಿಮೀಟರ್. ನನ್ನ ಮೊದಲ ಮಾದರಿಯಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿತ್ತು. ಕಟ್ಟಡಗಳು ಚೆನ್ನಾಗಿದ್ದವು, ಆದರೆ ಕಲ್ಲಿದ್ದಲು ಬೀಳಲು ಜಾಗವೇ ಇರಲಿಲ್ಲ! ಚಪ್ಪಟೆ ಹಲಗೆ ಬಿಡಿ. ಥರ್ಮಾಕೋಲ್ ಪದರ ಪೇರಿಸಿ ಒಂದು ಕಡೆ ಗುಡ್ಡ ಮಾಡಿಕೊಳ್ಳಿ.

ಸ್ಕೇಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 1:87ರಲ್ಲಿ ನಿಮ್ಮ ಹಲಗೆ ಸುಮಾರು 53 ಮೀಟರ್‌ಗೆ 80 ಮೀಟರ್ ಜಾಗವಾಗುತ್ತದೆ. ಸಣ್ಣ ಗಣಿಯ ಅಂಗಳಕ್ಕೆ ಸಾಕು. ಗಣಿಯೊಳಗಿನ ಕಿರುಹಳಿಗೆ 9 ಮಿಲಿಮೀಟರ್ ಅಗಲದ ಎನ್ ಗೇಜ್ ಎಂಬ ಮಾದರಿ ರೈಲಿನ ಹಳಿ ಹೊಂದುತ್ತದೆ. ಇನ್ನೊಂದು ಲಾಭ ಬೆಂಕಿಕಡ್ಡಿಯದು. ಎರಡು ಮಿಲಿಮೀಟರ್ ದಪ್ಪದ ಕಡ್ಡಿ ಈ ಸ್ಕೇಲ್‌ನಲ್ಲಿ 17 ಸೆಂಟಿಮೀಟರ್ ದಪ್ಪದ ಮರದ ಕಂಬ. ಸುರಂಗದ ಚಾವಣಿಗೆ ಊರೆ ಕೊಡಲು ಬೇರೇನೂ ಹುಡುಕಬೇಕಿಲ್ಲ.

ಈಗ ಮುಖ್ಯ ಆಯ್ಕೆ. ಕಲ್ಲಿದ್ದಲು ನೇರ ಬಾವಿಯಂಥ ಶಾಫ್ಟ್‌ನಿಂದ ಮೇಲೆ ಬರುತ್ತದಾ, ಇಳಿಜಾರು ಸುರಂಗದಿಂದ ಬರುತ್ತದಾ? ಮೊದಲ ಸಲಕ್ಕೆ ಇಳಿಜಾರು ಸುರಂಗವೇ ವಾಸಿ. ಗುಡ್ಡದ ಬುಡದಲ್ಲಿ ಬಾಯಿ ತೆಗೆದು, ಒಳಗೆ ಹದಿನೈದು ಸೆಂಟಿಮೀಟರ್ ಇಳಿಸಿ, ಕಪ್ಪು ಬಳಿದರೆ ಆಯಿತು. ಹಗ್ಗ ಸುತ್ತುವ ವಿಂಚ್‌ಗೆ ಒಂದು ಶೆಡ್ಡು. ಅಷ್ಟೇ. ಆದರೆ ನೀವು ಬಹುಶಃ ಕೇಳುವುದಿಲ್ಲ. ಗಣಿ ಅಂದರೆ ಎಲ್ಲರಿಗೂ ಆ ದೊಡ್ಡ ಚಕ್ರದ ಹೆಡ್‌ಗೇರೇ ಬೇಕು. ನನಗೂ ಅದೇ ಬೇಕಿತ್ತು.

ಅದನ್ನೇ ಮಾಡುವುದಾದರೆ ನಾನು ಮಾಡಿದ ಎರಡು ತಪ್ಪು ಮಾಡಬೇಡಿ. ಹೆಡ್‌ಗೇರ್ ಅಂದರೆ ಬಾವಿಯ ರಾಟೆಯೇ, ದೊಡ್ಡದು. ನಾನು ಚಕ್ರದ ಅಚ್ಚನ್ನು ಸರಿಯಾಗಿ ಶಾಫ್ಟ್‌ನ ನಡುವಿಗೆ ಕೂರಿಸಿದ್ದೆ. ಆದರೆ ಹಗ್ಗ ಇಳಿಯುವುದು ಚಕ್ರದ ಅಂಚಿನಿಂದ ಅಲ್ವಾ? ಆ ಅಂಚು ಶಾಫ್ಟ್‌ನ ನಡುವಿನ ಮೇಲೆ ಬರಬೇಕು. ಅಚ್ಚು ಅರ್ಧ ಚಕ್ರದಷ್ಟು ವೈಂಡರ್ ಮನೆಯ, ಅಂದರೆ ಹಗ್ಗ ಸುತ್ತುವ ಯಂತ್ರವಿರುವ ಕಟ್ಟಡದ, ಕಡೆಗೆ ಸರಿದಿರಬೇಕು. ಎರಡನೆಯದು ಇನ್ನೂ ನಾಚಿಕೆಗೇಡು. ಹೆಡ್‌ಗೇರ್‌ಗೆ ಓರೆಯಾದ ಎರಡು ಹಿಂಗಾಲು ಇರುತ್ತವೆ. ನೋಡಲು ಚೆನ್ನಾಗಿರಲಿ ಎಂದು ಅವನ್ನು ಮುಂದೆ, ನೋಡುವವರ ಕಡೆಗೆ ಇಟ್ಟಿದ್ದೆ. ಗಣಿ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಬಂದು ನೋಡಿದರು. ‘ಮೊದಲನೇ ಟಬ್ ಎತ್ತುವಾಗಲೇ ಇದು ಮಗುಚಿಕೊಳ್ಳುತ್ತೆ’ ಎಂದು ನಕ್ಕರು. ಹಗ್ಗ ಒಂದು ಕಡೆ ಶಾಫ್ಟ್‌ಗೆ ನೇರ ಇಳಿಯುತ್ತದೆ, ಇನ್ನೊಂದು ಕಡೆ ವೈಂಡರ್ ಮನೆಗೆ ಓರೆಯಾಗಿ ಹೋಗುತ್ತದೆ. ಎರಡೂ ಸೇರಿ ಚಕ್ರವನ್ನು ವೈಂಡರ್ ಕಡೆಗೆ ಎಳೆಯುತ್ತವೆ. ಆ ಎಳೆತ ತಡೆಯಲೆಂದೇ ಹಿಂಗಾಲು ಇರುವುದು, ಅದೂ ವೈಂಡರ್ ಇರುವ ಕಡೆಗೆ. ಅಂಟಿಸಿದ್ದನ್ನೆಲ್ಲ ಕಿತ್ತು ಮತ್ತೆ ಮಾಡಿದೆ.

ಕೇಜ್, ಅಂದರೆ ಹಗ್ಗಕ್ಕೆ ಕಟ್ಟಿ ಟಬ್ ಎತ್ತುವ ಪಂಜರ, ನಿಜಕ್ಕೂ ಮೇಲೆ ಕೆಳಗೆ ಓಡಬೇಕು ಎಂಬ ಆಸೆ ಇದ್ದರೆ ಒಂದು ಲೆಕ್ಕ ನೋಡಿ. ಎರಡು ಟನ್ ಕೇಜ್ 1:87ರಲ್ಲಿ ಬರೀ ಮೂರು ಗ್ರಾಂ ಆಗುತ್ತದೆ. ಭಾರ ಉದ್ದದ ಹಾಗೆ ಇಳಿಯುವುದಿಲ್ಲ, 87×87×87 ಪಟ್ಟು ಇಳಿಯುತ್ತದೆ. ಮೂರು ಗ್ರಾಂಗೆ ದಾರ ಬಿಗಿಯಾಗಿ ನಿಲ್ಲುವುದಿಲ್ಲ, ಸುರುಳಿ ಸುರುಳಿಯಾಗಿ ಜೋಲುತ್ತದೆ. ಕೇಜ್ ತಳಕ್ಕೆ ಸೀಸದ ತುಂಡು ಅಂಟಿಸಿ. ದಾರಕ್ಕೆ ಮೇಣ ತಿಕ್ಕಿ, ನವಿರು ಕೂದಲು ಅಡಗುತ್ತದೆ. ಶಾಫ್ಟ್ ಪೂರ್ತಿ ಆಳ ಮಾಡುವ ಹುಚ್ಚು ಬೇಡ. ನೂರು ಮೀಟರ್ ಶಾಫ್ಟ್ ಅಂದರೆ ಹಲಗೆಯಡಿ ಒಂದು ಮೀಟರ್‌ಗೂ ಮೀರಿದ ಕೊಳವೆ. ಕೇಜ್ ಕಣ್ಮರೆಯಾದರೆ ಸಾಕು.

ಇನ್ನೊಂದನ್ನು ಸುಮಾರು ಜನ ಮರೆಯುತ್ತಾರೆ. ಗಣಿಗೆ ಎರಡನೇ ಬಾಯಿ ಬೇಕು. 1862ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಗಣಿಯಲ್ಲಿ ನೀರೆತ್ತುವ ಎಂಜಿನ್ನಿನ ಕಬ್ಬಿಣದ ತೊಲೆ ಮುರಿದು ಶಾಫ್ಟ್‌ಗೆ ಬಿತ್ತು. ಇದ್ದದ್ದು ಅದೊಂದೇ ಶಾಫ್ಟ್. 204 ಜನ ಸತ್ತರು. ಅದೇ ವರ್ಷ ಬ್ರಿಟನ್‌ನಲ್ಲಿ ಎರಡು ದಾರಿ ಇರಲೇಬೇಕು ಎಂಬ ಕಾನೂನು ಬಂತು. ಗಾಳಿಗೂ ಅದು ಬೇಕು. ಒಂದರಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತದೆ. ಹಲಗೆಯ ಮೂಲೆಯಲ್ಲಿ ಒಂದು ಸಣ್ಣ ಫ್ಯಾನ್ ಮನೆ ಇಡಿ. ಎರಡು ಸಂಜೆಯ ಕೆಲಸ. ಗಣಿ ಗೊತ್ತಿದ್ದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬಣ್ಣ ಹಚ್ಚುವಾಗ ಎಲ್ಲವನ್ನೂ ಕಪ್ಪು ಮಾಡಬೇಡಿ. ಕಲ್ಲಿದ್ದಲು ಮಾತ್ರ ಕಪ್ಪು. ಆರಿಸಿ ಎಸೆದ ಕಲ್ಲಿನ ದಿಬ್ಬ ಬೂದು ಬಣ್ಣದ್ದು. ಒಳಗೊಳಗೇ ಬೆಂಕಿ ಹತ್ತಿ ಸುಟ್ಟ ಕಡೆ ಇಟ್ಟಿಗೆಯ ಹಾಗೆ ಕೆಂಪಾಗುತ್ತದೆ. ದಿಬ್ಬವನ್ನು ಕೆತ್ತಲು ಹೋಗಬೇಡಿ, ಒಣ ಪುಡಿಯನ್ನು ಮೇಲಿಂದ ಸುಮ್ನೆ ಸುರಿಯಿರಿ. ಇಳಿಜಾರು ತಾನಾಗಿ ಬರುತ್ತದೆ, ಅದಕ್ಕೆ ಸ್ಕೇಲ್ ಇಲ್ಲ.

ನಿಜವಾದ ಕಲ್ಲಿದ್ದಲು ಖಂಡಿತ ಬಳಸಿ. ಇದ್ದಿಲಿಗೆ ಆ ಮಿನುಗು ಇಲ್ಲ. ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು. ಆಮೇಲೆ ಜರಡಿ ಹಿಡಿಯಿರಿ. 30 ಸೆಂಟಿಮೀಟರ್ ಉಂಡೆ ಇಲ್ಲಿ ಮೂರೂವರೆ ಮಿಲಿಮೀಟರ್, ಅದಕ್ಕಿಂತ ದೊಡ್ಡದು ಬಂಡೆಯ ಹಾಗೆ ಕಾಣುತ್ತದೆ. ವ್ಯಾಗನ್ ತುಂಬಲು ಒಳಗೆ ಸ್ಪಂಜು ಇಟ್ಟು ಮೇಲೆ ಒಂದು ಪದರ ಹರಡಿದರೆ ಸಾಕು. ಬಿಳಿ ಅಂಟನ್ನು ನೀರಲ್ಲಿ ತೆಳ್ಳಗೆ ಮಾಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿ ತೊಟ್ಟಿಕ್ಕಿಸಿ. ಬಿಡಿಯಾಗಿ ಬಿಟ್ಟರೆ ಪುಡಿ ಮಾದರಿ ರೈಲು ಎಂಜಿನ್ನಿನ ಗೇರಿಗೆ ಸೇರುತ್ತದೆ. ನನ್ನದೊಂದು ಹಾಗೇ ಕೆಟ್ಟಿತು.

ಏನನ್ನಾದರೂ ಅಂಟಿಸುವ ಮುಂಚೆ ಆ ದಾರಿ ಬರೆದ ಕಾಗದದ ಫೋಟೋ ಇಲ್ಲಿ ಹಾಕಿ. ಹಿಂಗಾಲು ಯಾವ ಕಡೆ ಇದೆ ಎಂದು ನೋಡುತ್ತೇನೆ.